ಸಂಪಾದಕರ ಉತ್ತರ: ನಾಯಕನ ಆತ್ಮಕಥನದಲ್ಲಿ ಬಡಗಿಯ ಪಾಲು

ಮಾನ್ಯರೇ,

ಧ್ರುವಾನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್ ಅಂಟಾರ್ಕ್ಟಿಕಾ ಖಂಡವನ್ನು ದಾಟಲು ಹೊರಟು ವಿಫಲವಾದ ತನ್ನ ಯಾತ್ರೆಯ ಬಗ್ಗೆ 1919ರಲ್ಲಿ ಪ್ರಕಟಿಸಿದ ‘ಸೌತ್’ ಓದಿದ ಹುರುಪಿನಲ್ಲೇ ನೀವು ಬರೆದ ಪತ್ರ ತಲುಪಿದೆ. ಒಬ್ಬನನ್ನೂ ಕಳೆದುಕೊಳ್ಳದೆ ತನ್ನವರೆಲ್ಲರನ್ನೂ ಜೀವಂತ ಕರೆತಂದವನಲ್ಲಿ ಹುಳುಕು ಹುಡುಕುವುದು ಕೃತಘ್ನತೆ, ಇಂಥ ಒಬ್ಬ ನಾಯಕನ ಕಥೆಯೇ ಯುವಜನರಿಗೆ ಸಾಕು ಎಂಬುದು ನಿಮ್ಮ ವಾದ.

ಶ್ಯಾಕಲ್ಟನ್ ಧೀರನೆಂಬುದರಲ್ಲಿ ನನಗೂ ಅನುಮಾನವಿಲ್ಲ. 1909ರಲ್ಲಿ ದಕ್ಷಿಣ ಧ್ರುವ ಇನ್ನು ಸುಮಾರು 180 ಕಿ.ಮೀ. ಇದೆ ಎನ್ನುವಾಗ, ಜೊತೆಗಾರರ ಜೀವ ಉಳಿಯಲೆಂದು ಹಿಂದಿರುಗಿದವನು ಆತ. ಅಷ್ಟು ಒಪ್ಪಿಕೊಂಡು, ಉಳಿದದ್ದಕ್ಕೆ ಬರುತ್ತೇನೆ.

‘ಒಬ್ಬನನ್ನೂ ಕಳೆದುಕೊಳ್ಳದೆ’ ಎಂಬ ನಿಮ್ಮ ಮಾತು ಶ್ಯಾಕಲ್ಟನ್ ಹೋಗಿದ್ದ, ಹಿಮದಲ್ಲಿ ಸಿಕ್ಕಿ ಮುಳುಗಿದ ‘ಎಂಡ್ಯೂರೆನ್ಸ್’ ಹಡಗಿನ 28 ಜನರ ಮಟ್ಟಿಗೆ ಮಾತ್ರ ನಿಜ. ಅದೇ ಸಾಹಸಯಾತ್ರೆಯ ಇನ್ನೊಂದು ತಂಡ ಖಂಡದ ಆಚೆ ಬದಿಯಲ್ಲಿ, ರಾಸ್ ಸಮುದ್ರದ ಕಡೆಯಿಂದ, ಶ್ಯಾಕಲ್ಟನ್ ಬರುವ ದಾರಿಯುದ್ದಕ್ಕೂ ಆಹಾರದ ದಾಸ್ತಾನುಗಳನ್ನು ಇಡಬೇಕಿತ್ತು. 1915ರ ಮೇ ತಿಂಗಳಲ್ಲಿ ಅವರ ಹಡಗನ್ನು ಬಿರುಗಾಳಿ ಕಿತ್ತೊಯ್ದು, ಹತ್ತು ಜನ ದಡದಲ್ಲೇ ಉಳಿದರು. ಆದರೂ ಅವರು ಜಾರುಬಂಡಿ ಎಳೆದು, ಎಂದೂ ಬಾರದವನಿಗಾಗಿ ಆ ದಾಸ್ತಾನುಗಳನ್ನು ಇಟ್ಟೇ ತೀರಿದರು. ಮೂವರು ಸತ್ತರು, ಉಳಿದ ಏಳು ಜನರನ್ನು ಹಡಗೊಂದು ಕರೆದೊಯ್ದದ್ದು 1917ರ ಜನವರಿಯಲ್ಲಿ. ಇದೆಲ್ಲ ನೀವು ಓದಿದ ಪುಸ್ತಕದಲ್ಲೇ ಇದೆ, ಕೊನೆಯ ಭಾಗದಲ್ಲಿ. ರಕ್ಷಣೆಯ ರೋಮಾಂಚನ ಮುಗಿದೊಡನೆ ಪುಟಗಳನ್ನು ಬೇಗ ಬೇಗ ಮಗುಚಿದಿರೆಂದು ಊಹಿಸಿದರೆ ಬೇಸರಿಸಬೇಡಿ.

ಇನ್ನು ನಿಮ್ಮ ಮೆಚ್ಚಿನ ದೋಣಿಯಾನ. 1916ರ ಏಪ್ರಿಲ್ 24ರಂದು ಶ್ಯಾಕಲ್ಟನ್ ಸೇರಿ ಆರು ಜನ, ಹಡಗು ಕಳೆದುಕೊಂಡ ತಂಡ ಆಸರೆ ಪಡೆದಿದ್ದ ಎಲಿಫೆಂಟ್ ದ್ವೀಪದಿಂದ ನೆರವು ತರಲೆಂದು ಹೊರಟು, ಸುಮಾರು 1,300 ಕಿ.ಮೀ. ದಾಟಿ ಸೌತ್ ಜಾರ್ಜಿಯಾ ಮುಟ್ಟಿದರು. ಆ ದೋಣಿಯ ಅಂಚುಗಳನ್ನು ಎತ್ತರಿಸಿದವನು, ಜಾರುಬಂಡಿಯ ಮರವನ್ನೂ ಪೆಟ್ಟಿಗೆಗಳ ಮುಚ್ಚಳಗಳನ್ನೂ ಕ್ಯಾನ್ವಾಸನ್ನೂ ಜೋಡಿಸಿ ಮೇಲ್ಹೊದಿಕೆ ಮಾಡಿದವನು, ದೀಪದ ಬತ್ತಿ, ಚಿತ್ರಕಾರನ ಎಣ್ಣೆಬಣ್ಣ, ಸೀಲ್ ಪ್ರಾಣಿಯ ರಕ್ತ ಇವುಗಳಿಂದ ಬಿರುಕು ಮುಚ್ಚಿದವನು ಬಡಗಿ ಹ್ಯಾರಿ ಮೆಕ್‌ನಿಷ್. ಸೌತ್ ಜಾರ್ಜಿಯಾದ ಬೆಟ್ಟಗಳನ್ನು ದಾಟಲು ಹೊರಟ ಮೂವರ ಬೂಟುಗಳಿಗೆ ತಿರುಪು ಮೊಳೆ ಬಡಿದುಕೊಟ್ಟವನೂ ಅವನೇ. ಮೋಡ ಸರಿದ ಬೆರಳೆಣಿಕೆಯ ಗಳಿಗೆಗಳಲ್ಲಿ ಸೂರ್ಯನನ್ನು ಅಳೆದು ದಿಕ್ಕು ಹಿಡಿದವನು ‘ಎಂಡ್ಯೂರೆನ್ಸ್’ನ ಕಪ್ತಾನ ಫ್ರ್ಯಾಂಕ್ ವರ್ಸ್ಲಿ. ಇತ್ತ ಎಲಿಫೆಂಟ್ ದ್ವೀಪದಲ್ಲಿ, ಮಗುಚಿಟ್ಟ ಎರಡು ದೋಣಿಗಳಡಿ, ನಾಲ್ಕು ತಿಂಗಳಿಗೂ ಮಿಕ್ಕಿ 22 ಜನರ ಮನಸ್ಸು ಕುಸಿಯದಂತೆ ನೋಡಿಕೊಂಡವನು ಫ್ರ್ಯಾಂಕ್ ವೈಲ್ಡ್. ಅವರನ್ನು ಕೊನೆಗೆ ಕರೆತಂದ ಚಿಲಿಯ ಹಡಗು ‘ಯೆಲ್ಚೊ’. ಅದರ ನಾಯಕ ಲೂಯಿಸ್ ಪಾರ್ಡೊ. ನಿಮ್ಮ ಪತ್ರದಲ್ಲಿ ಇವರಲ್ಲಿ ಒಬ್ಬರ ಹೆಸರೂ ಇಲ್ಲ.

ಮೆಕ್‌ನಿಷ್ ಒರಟ, ಹಟಮಾರಿ. ಹಡಗೇ ಮುಳುಗಿದ ಮೇಲೆ ತಾನು ಆಜ್ಞೆ ಪಾಲಿಸಬೇಕಿಲ್ಲವೆಂದು ಹಿಮದ ಮೇಲೆ ಜಗಳಕ್ಕೆ ನಿಂತವನು. ಶ್ಯಾಕಲ್ಟನ್ ಅದನ್ನು ಮರೆಯಲಿಲ್ಲ. ಧ್ರುವಾನ್ವೇಷಕರಿಗೆ ಬ್ರಿಟನ್ ಕೊಡುವ ಧ್ರುವ ಪದಕಕ್ಕೆ ಶಿಫಾರಸಾಗದ ನಾಲ್ವರಲ್ಲಿ ಈ ಬಡಗಿಯೂ ಒಬ್ಬ. ತನ್ನನ್ನು ದಡ ಸೇರಿಸಿದ ದೋಣಿಯನ್ನು ಸಿದ್ಧಪಡಿಸಿದವನಿಗೆ ಪದಕ ತಪ್ಪಿಸಿದ ಔದಾರ್ಯವನ್ನು ಯಾವ ಮಾದರಿಯೆಂದು ಯುವಜನರ ಮುಂದಿಡೋಣ?

ಪುಸ್ತಕದ ವಿಷಯಕ್ಕೂ ಇದೇ ಮಾತು ಹೊಂದುತ್ತದೆ. ಶ್ಯಾಕಲ್ಟನ್ ಹೇಳುತ್ತ ಹೋದದ್ದನ್ನು ಬರಹಕ್ಕಿಳಿಸಿದವನು ನ್ಯೂಜಿಲೆಂಡಿನ ಪತ್ರಕರ್ತ ಎಡ್ವರ್ಡ್ ಸಾಂಡರ್ಸ್; ಮುಖಪುಟದ ಮೇಲಿರುವ ಹೆಸರು ಮಾತ್ರ ಒಂದೇ. ಆತ್ಮಕಥನಗಳಲ್ಲಿ ಇದು ಹಳೆಯ ರೂಢಿ. ಸೇನಾನಿಯಾಗಲಿ, ಉದ್ಯಮಿಯಾಗಲಿ, ರಾಜಕಾರಣಿಯಾಗಲಿ, ‘ನಾನು’ ಎನ್ನುವವನ ಕೈಗಳಿಗೆ ಎಷ್ಟು ಕೈಗಳು ಸೇರಿಕೊಂಡಿದ್ದವೆಂಬುದನ್ನು ನಾಲ್ಕು ಸಾಲಿನ ಕೃತಜ್ಞತೆಯಲ್ಲಿ ಮುಗಿಸಿಬಿಡುತ್ತಾರೆ. ಬಳಿಕ ಅದೇ ಪುಸ್ತಕದಿಂದ ನಾಯಕತ್ವದ ಸೂತ್ರಗಳನ್ನು ಹೆಕ್ಕಿ ಭಾಷಣ ಮಾಡುವವರು, ಆ ನಾಲ್ಕು ಸಾಲುಗಳನ್ನೂ ಕೈಬಿಡುತ್ತಾರೆ. ಬಡಗಿಯ ಸೂತ್ರಗಳನ್ನು ಕೇಳಲು ಯಾರೂ ಸಭೆ ಸೇರಿದ್ದನ್ನು ನಾನು ಕಂಡಿಲ್ಲ.

ನಿಮ್ಮ ಉತ್ಸಾಹ ನನಗೆ ಪ್ರಿಯವೇ. ಉತ್ಸಾಹವಿಲ್ಲದವರು ಪತ್ರ ಬರೆಯುವುದಿಲ್ಲ. ಅದೇ ಉತ್ಸಾಹದಿಂದ ರಾಸ್ ಸಮುದ್ರದ ಅಧ್ಯಾಯಗಳನ್ನು ಓದಿ ಮತ್ತೆ ಬರೆಯಿರಿ. ನನ್ನನ್ನು ಎಷ್ಟೇ ಬೈದಿದ್ದರೂ ಒಂದಕ್ಷರ ಕತ್ತರಿಸದೆ ಪ್ರಕಟಿಸುತ್ತೇನೆ.

— ಸಂಪಾದಕ