ನವೆಂಬರ್‌ನಲ್ಲಿ ಜಪಾನ್: ಯಾವ ಊರಿನ ರ‍್ಯೋಕಾನ್?

ಪ್ರಶ್ನೆ: ನವೆಂಬರ್ ಎರಡನೆಯ ವಾರದಲ್ಲಿ ನಾನು, ನನ್ನ ಪತ್ನಿ ಮತ್ತು ಮಂಡಿನೋವಿರುವ ನನ್ನ ತಾಯಿ ಟೋಕಿಯೋಗೆ ಹೋಗುತ್ತಿದ್ದೇವೆ. ಅಲ್ಲಿಂದ ಎರಡು ರಾತ್ರಿಗಳ ಮಟ್ಟಿಗೆ ಬಿಸಿನೀರಿನ ಬುಗ್ಗೆಗಳಿರುವ ಊರಿನ ರ‍್ಯೋಕಾನ್ ಎಂಬ ಸಾಂಪ್ರದಾಯಿಕ ವಸತಿಗೃಹವೊಂದರಲ್ಲಿ ತಂಗಿ, ಕೆಂಪೇರಿದ ಮೇಪಲ್ ಎಲೆಗಳನ್ನು ನೋಡುವ ಆಸೆಯಿದೆ. ನಿಕ್ಕೋ, ಕುಸಾತ್ಸು, ಕಿನೊಸಾಕಿ, ಹಕೋನೆ ಇವುಗಳಲ್ಲಿ ಯಾವುದು ಸೂಕ್ತ? ನಾವು ಸಸ್ಯಾಹಾರಿಗಳು. ಅಪರಿಚಿತರ ನಡುವೆ ವಿವಸ್ತ್ರರಾಗಿ ಸ್ನಾನ ಮಾಡಲು ತಾಯಿಗೆ ಸಂಕೋಚ.

ಉತ್ತರ: ಜಾಹೀರಾತಿನ ಚಿತ್ರಗಳನ್ನು ಬದಿಗಿಟ್ಟು, ಮೊದಲು ದಿನಾಂಕದಿಂದ ಊರನ್ನು ನಿರ್ಧರಿಸಿ. ಎಲೆಗಳ ಬಣ್ಣವು ಸೆಪ್ಟೆಂಬರ್‌ನಲ್ಲಿ ಹೊಕ್ಕೈಡೋದ ಪರ್ವತಗಳಲ್ಲಿ ಆರಂಭವಾಗಿ, ಉತ್ತರದಿಂದ ದಕ್ಷಿಣಕ್ಕೂ ಬೆಟ್ಟದ ನೆತ್ತಿಯಿಂದ ತಪ್ಪಲಿಗೂ ಇಳಿಯುತ್ತಾ, ಕ್ಯೋಟೋ ತಲುಪುವ ವೇಳೆಗೆ ನವೆಂಬರ್‌ನ ಉತ್ತರಾರ್ಧ ಬಂದಿರುತ್ತದೆ. ನಿಕ್ಕೋದ ಬುಗ್ಗೆಗಳಲ್ಲಿ ಹೆಸರಾದ ಯುಮೋಟೋ ಸುಮಾರು 1,500 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ಸೊಬಗು ಅಕ್ಟೋಬರ್‌ನಲ್ಲೇ ಮುಗಿಯುತ್ತದೆ. ನೀವು ಹೋಗುವ ವೇಳೆಗೆ ಅಲ್ಲಿ ಬರಿಯ ಕೊಂಬೆಗಳಿರುತ್ತವೆ. ಕುಸಾತ್ಸುವಿನದೂ ಹೆಚ್ಚುಕಡಿಮೆ ಅದೇ ಕಥೆ. ಜೊತೆಗೆ ಅಲ್ಲಿಯ ನೀರು ತೀವ್ರ ಆಮ್ಲೀಯವಾಗಿದ್ದು, ವಯಸ್ಸಾದವರ ನಾಜೂಕು ಚರ್ಮಕ್ಕೆ ಉರಿಯಾಗಬಹುದು. ಕಿನೊಸಾಕಿ ಟೋಕಿಯೋದಿಂದ ಬಹಳ ದೂರ. ಅಲ್ಲಿನ ಸೊಗಸೆಲ್ಲ ಯುಕಾಟಾ ಎಂಬ ಹತ್ತಿಯ ನಿಲುವಂಗಿ ತೊಟ್ಟು, ಮರದ ಪಾದರಕ್ಷೆ ಮೆಟ್ಟಿ, ಏಳು ಸಾರ್ವಜನಿಕ ಸ್ನಾನಗೃಹಗಳಿಗೆ ಬೀದಿಯುದ್ದಕ್ಕೂ ನಡೆಯುವುದರಲ್ಲಿದೆ. ಮಂಡಿನೋವಿರುವವರಿಗೆ ಅದು ಶಿಕ್ಷೆಯಾದೀತು. ಅಲ್ಲದೆ ನವೆಂಬರ್ 6ರಂದು ಏಡಿ ಹಿಡಿಯುವ ಋತು ತೆರೆದುಕೊಳ್ಳುವುದರಿಂದ ಅಲ್ಲಿನ ರಾತ್ರಿಯೂಟ ಏಡಿಮಯವಾಗಿ, ದರವೂ ಏರುತ್ತದೆ. ನೀವು ತಿನ್ನದ ಪದಾರ್ಥಕ್ಕೆ ಹಣ ತೆರುವುದೇಕೆ?

ಉಳಿಯುವುದು ಹಕೋನೆ, ಮತ್ತು ನಿಮಗೆ ಅದೇ ಸರಿ. ಟೋಕಿಯೋದ ಶಿಂಜುಕು ನಿಲ್ದಾಣದಿಂದ ರೊಮ್ಯಾನ್ಸ್‌ಕಾರ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಬಣ್ಣವು ಗುಡ್ಡದ ಮೇಲ್ಭಾಗದಿಂದ ಕೆಳಗಿನ ಹಕೋನೆ ಯುಮೋಟೋದವರೆಗೆ ನವೆಂಬರ್ ತಿಂಗಳಿಡೀ ಹಂತಹಂತವಾಗಿ ಇಳಿಯುವುದರಿಂದ ಎಲ್ಲಾದರೊಂದು ಕಡೆ ಕಂಡೇ ಕಾಣುತ್ತದೆ. ಸೆಂಗೊಕುಹರಾದ ಹೊಂಬಣ್ಣದ ಜೊಂಡುಹುಲ್ಲಿನ ಬಯಲನ್ನೂ ಆ ವಾರದಲ್ಲಿ ನೋಡಬಹುದು. ನನ್ನ ಮಟ್ಟಿಗೆ ಅದು ಮೇಪಲ್‌ಗಿಂತ ಚೆಂದ.

ಊಟದ ವಿಷಯವೇ ನಿಜವಾದ ತೊಡಕು. ರ‍್ಯೋಕಾನ್‌ನ ದರವನ್ನು ಸಾಮಾನ್ಯವಾಗಿ ಕೋಣೆಗಲ್ಲ, ತಲೆಗಿಷ್ಟು ಎಂದು, ರಾತ್ರಿಯೂಟ ಮತ್ತು ಬೆಳಗಿನ ಉಪಾಹಾರ ಸೇರಿಸಿ ಹೇಳುತ್ತಾರೆ. ಬರಿಯ ತರಕಾರಿಯಂತೆ ಕಾಣುವ ಬೇಯಿಸಿದ ಪದಾರ್ಥದಲ್ಲಿಯೂ, ಬೆಳಗಿನ ಮಿಸೋ ಸಾರಿನಲ್ಲಿಯೂ ಒಣಗಿಸಿದ ಮೀನಿನಿಂದ ತೆಗೆದ ದಾಶಿ ಎಂಬ ರಸ ಇರುವುದೇ ಹೆಚ್ಚು. ಆದ್ದರಿಂದ “ಸಸ್ಯಾಹಾರಿ” ಎಂದಷ್ಟೇ ಬರೆದರೆ ಸಾಲದು. ಮಾಂಸ, ಮೀನು ಮತ್ತು ಮೀನಿನ ದಾಶಿ ಮೂರೂ ಬೇಡವೆಂದು ಬುಕಿಂಗ್‌ಗೆ ಮೊದಲೇ ತಿಳಿಸಿ, ಲಿಖಿತ ಒಪ್ಪಿಗೆ ಪಡೆಯಿರಿ. ಹಲವು ಅಡುಗೆಮನೆಗಳು ಆಗದೆಂದು ನೇರವಾಗಿ ಹೇಳುತ್ತವೆ, ಅದು ಒಳ್ಳೆಯದೇ. ಹಾಗಾದಲ್ಲಿ ಊಟವಿಲ್ಲದ ದರದಲ್ಲಿ ಕೋಣೆ ಹಿಡಿದು, ಊಟವನ್ನು ಹೊರಗಡೆ ಹೊಂದಿಸಿಕೊಳ್ಳಿ; ಆದರೆ ಬುಗ್ಗೆಯೂರುಗಳಲ್ಲಿ ಹೋಟೆಲುಗಳು ಬೇಗನೆ ಬಾಗಿಲು ಹಾಕುತ್ತವೆ ಎಂಬುದು ನೆನಪಿರಲಿ. ಊಟ ಸೇರಿದ್ದರೆ ಸಂಜೆ ಆರರೊಳಗೆ ತಲುಪಿ. ತಡವಾಗಿ ಬಂದವರಿಗೆ ಬಡಿಸುವ ಕ್ರಮ ಅಲ್ಲಿಲ್ಲ.

ತಾಯಿಯವರ ಸಂಕೋಚಕ್ಕೆ ಪರಿಹಾರ ಸುಲಭ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೊಳಗಳಿದ್ದರೂ ಬಟ್ಟೆ ತೊಟ್ಟು ನೀರಿಗಿಳಿಯುವಂತಿಲ್ಲ; ಆದುದರಿಂದ ಒಂದು ಗಂಟೆಯ ಆಸುಪಾಸಿಗೆ ಕುಟುಂಬಕ್ಕೆಂದೇ ಬಿಟ್ಟುಕೊಡುವ, ಕಾಶಿಕಿರಿ ಎನ್ನುವ ಖಾಸಗಿ ಸ್ನಾನಗೃಹವಿರುವ ವಸತಿಗೃಹವನ್ನೇ ಹುಡುಕಿ. ಕೋಣೆಗೇ ಹೊಂದಿಕೊಂಡ ತೊಟ್ಟಿಗೆ ಹೆಚ್ಚು ಹಣ ಕೊಡುವುದಾದರೆ, ಅದರಲ್ಲಿ ಹರಿಯುವುದು ಬುಗ್ಗೆಯ ನೀರೋ ಕಾಯಿಸಿದ ನಲ್ಲಿ ನೀರೋ ಎಂದು ಕೇಳಿ. ಜಪಾನಿನ 1948ರ ಕಾಯಿದೆಯ ಪ್ರಕಾರ ಮೂಲದಲ್ಲಿ ಕನಿಷ್ಠ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿದ್ದರೆ, ಇಲ್ಲವೇ ನಿಗದಿತ ಖನಿಜಗಳಲ್ಲಿ ಒಂದಾದರೂ ಗೊತ್ತುಪಡಿಸಿದ ಪ್ರಮಾಣದಲ್ಲಿ ಇದ್ದರೆ, ಅದು ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆ. ಕಾಯಿಸಿದ, ಸೋಸಿ ಮತ್ತೆ ಬಿಟ್ಟ ನೀರಿಗೂ ಆ ಹೆಸರು ಸಲ್ಲುತ್ತದೆ. ಮೂಲದಿಂದ ನೇರವಾಗಿ ಬಂದು ಹೊರಚೆಲ್ಲುವ ನೀರಿಗೆ “ಗೆನ್ಸೆನ್ ಕಾಕೆನಾಗಾಶಿ” ಎನ್ನುತ್ತಾರೆ. ನೀರು ಗಂಧಕದ್ದಾಗಿದ್ದರೆ ಬೆಳ್ಳಿಯ ಆಭರಣ ಕಳಚಿಡಿ, ಕಪ್ಪಾಗುತ್ತದೆ.

ಟಟಾಮಿ ಚಾಪೆಯ ಮೇಲೆ ಹಾಸಿದ ಹಾಸಿಗೆಯಿಂದ ಏಳುವುದು ತಾಯಿಯವರಿಗೆ ಕಷ್ಟವಾಗುವುದರಿಂದ, ಮಂಚವಿರುವ ಕೋಣೆಯನ್ನೇ ಕೇಳಿ. ಇತ್ತೀಚೆಗೆ ಅನೇಕ ಕಡೆ ಸಿಗುತ್ತದೆ. ಶನಿವಾರದ ರಾತ್ರಿಯನ್ನು ತಪ್ಪಿಸಿದರೆ ದರದಲ್ಲಿ ಗಮನಾರ್ಹ ಉಳಿತಾಯವಾದೀತು.

ಪ್ರಶ್ನೆ: ನನ್ನ ತೋಳಿನ ಮೇಲೆ ಹಚ್ಚೆಯಿದೆ. ಒಳಗೆ ಬಿಡುತ್ತಾರೆಯೇ?

ಉತ್ತರ: ಅನೇಕ ಕಡೆ ಸಾಮೂಹಿಕ ಕೊಳಗಳಿಗೆ ಬಿಡುವುದಿಲ್ಲ. ಕಿನೊಸಾಕಿಯ ಏಳು ಸಾರ್ವಜನಿಕ ಸ್ನಾನಗೃಹಗಳಲ್ಲಿ ಅಂಥ ನಿರ್ಬಂಧವಿಲ್ಲ. ಬೇರೆಡೆ ಖಾಸಗಿ ಸ್ನಾನಗೃಹವನ್ನು ಗೊತ್ತುಮಾಡಿಕೊಳ್ಳಿ. ಹಚ್ಚೆ ಚಿಕ್ಕದಾಗಿದ್ದರೆ ಪಟ್ಟಿ ಅಂಟಿಸಿ ಮುಚ್ಚಲು ಒಪ್ಪುವ ವಸತಿಗೃಹಗಳೂ ಇವೆ.