ಕೊಲೆಸ್ಟ್ರಾಲ್ ಇಳಿಯಿತು, ಬಾವು ಇಳಿಯಲಿಲ್ಲ

ಗಂಗಾವತಿಯ ನಿವೃತ್ತ ಮಾಸ್ತರೊಬ್ಬರು ಬರೆದಿದ್ದಾರೆ: "ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಕೆಟ್ಟ ಕೊಲೆಸ್ಟ್ರಾಲ್ 62ಕ್ಕೆ ಇಳಿದಿದೆ. ಆದರೂ ಈ ಸಲ ಡಾಕ್ಟರು ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ (ದೇಹದಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ವಸ್ತು) 4 ಇದೆ, ರಕ್ತನಾಳದಲ್ಲಿ ಉರಿಯೂತ ಇರಬಹುದು ಅಂದರು. ಉರಿಯೂತ ಅಂದರೆ ಉಷ್ಣವೇ ತಾನೆ? ನಮ್ಮ ಮನೆಯಾಕೆ ಮಿರ್ಚಿ ಬಜ್ಜಿ ಬಂದ್ ಮಾಡಿ ದಿನಾ ಮಜ್ಜಿಗೆ ಕುಡಿಸುತ್ತಿದ್ದಾಳೆ. ಇನ್ನೊಂದು ಮಾತು. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತೇನೆ. ಅದೂ ಉರಿಯೂತ ಇಳಿಸುವ ಮಾತ್ರೆಯಂತೆ. ಹಾಗಾದರೆ ಹೃದಯಕ್ಕೂ ಒಳ್ಳೆಯದೇ ಅಲ್ವಾ?"

ಮಾಸ್ತರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಅಲ್ಲ. ಆ ಮಾತ್ರೆಯ ಸ್ಟ್ರಿಪ್ ಹಿಡಿದುಕೊಂಡು ಈ ವಾರವೇ ನಿಮ್ಮ ಹೃದಯದ ಡಾಕ್ಟರನ್ನು ಕಾಣಿರಿ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಈ 'ಉರಿಯೂತ' ಅನ್ನುವ ಪದವೇ ದಾರಿ ತಪ್ಪಿಸುತ್ತದೆ. ಉರಿ ಅಂದ ಕೂಡಲೇ ಖಾರ, ಬಿಸಿಲು, ಉಷ್ಣ ನೆನಪಾಗುತ್ತವೆ. 'ಬಾವು' ಅನ್ನುವುದು ಇದಕ್ಕೆ ಹೆಚ್ಚು ಹತ್ತಿರ. ಕಾಲಿಗೆ ಜಾಲಿಮುಳ್ಳು ಚುಚ್ಚಿದರೆ ಸುತ್ತ ಕೆಂಪಾಗಿ ಬಾತುಕೊಳ್ಳುತ್ತದೆ. ಬಿಳಿ ರಕ್ತಕಣಗಳು ಜಗಳಕ್ಕೆ ಬಂದಿವೆ ಅಂತ ಅರ್ಥ. ಮುಳ್ಳು ತೆಗೆದರೆ ಬಾವು ಇಳಿಯುತ್ತದೆ. ಹೃದಯದ ರಕ್ತನಾಳದ ಗೋಡೆಯೊಳಗೆ ಕೊಲೆಸ್ಟ್ರಾಲ್ ಹೊಕ್ಕರೂ ದೇಹ ಅದನ್ನು ಮುಳ್ಳೆಂದೇ ತಿಳಿಯುತ್ತದೆ. ಬಿಳಿ ಕಣಗಳು ಬಂದು ಅದನ್ನು ನುಂಗುತ್ತವೆ, ಅರಗಿಸಿಕೊಳ್ಳಲಾಗದೆ ಅಲ್ಲೇ ಸಾಯುತ್ತವೆ. ಈ ಮುಳ್ಳು ಕಾಲಿನ ಮುಳ್ಳಿನ ಹಾಗೆ ಹೊರಗೆ ಬರುವುದಿಲ್ಲ. ಬಾವು ವರ್ಷಗಟ್ಟಲೆ ಒಳಗೇ ಕುದಿಯುತ್ತದೆ. ನೋವಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ 1850ರ ದಶಕದಲ್ಲೇ ಇದನ್ನು ಬಾವು ಅಂತ ಗುರುತಿಸಿದ್ದರು.

ನಮ್ಮ ತುಂಗಭದ್ರಾ ಡ್ಯಾಮು ನೆನಪು ಮಾಡಿಕೊಳ್ಳಿ. ಎಷ್ಟು ವರ್ಷ ನಾವೆಲ್ಲ ಹೂಳು, ಹೂಳು ಅಂತ ಕೂಗಿದೆವು. 133 ಟಿಎಂಸಿ ಹಿಡಿಯುತ್ತಿದ್ದದ್ದು 105ರ ಆಸುಪಾಸಿಗೆ ಬಂತು. ಸುಳ್ಳಲ್ಲ. ಆದರೆ 2024ರ ಆಗಸ್ಟ್‌ನಲ್ಲಿ ನಮ್ಮ ನಿದ್ದೆ ಕೆಡಿಸಿದ್ದು ಹೂಳಲ್ಲ, ಚೈನ್ ಕಡಿದು ಕೊಚ್ಚಿಹೋದ 19ನೇ ಗೇಟು. ಹಾರ್ಟ್ ಅಟ್ಯಾಕೂ ಬಹಳ ಸಲ ಹಾಗೇ. ರಕ್ತನಾಳ ತುಂಬಿ ತುಂಬಿ ಪೂರ್ತಿ ಮುಚ್ಚಿಹೋಗಬೇಕು ಅಂತಿಲ್ಲ. ಕೊಬ್ಬಿನ ಗಂಟಿನ ಮೇಲಿರುವ ತೆಳು ಪದರವನ್ನು ಬಾವು ಸವೆಸುತ್ತದೆ. ಒಂದು ದಿನ ಅದು ಹರಿಯುತ್ತದೆ. ಹೋಲಿಕೆ ಇಲ್ಲಿಗೇ ಸಾಕು. ಡ್ಯಾಮಿನಲ್ಲಿ ನೀರು ಹೊರಗೆ ಹರಿಯಿತು. ಇಲ್ಲಿ ರಕ್ತ ಹೆಪ್ಪುಗಟ್ಟಿ ಹರಿವೇ ನಿಲ್ಲುತ್ತದೆ.

ಬಾವನ್ನಷ್ಟೇ ಇಳಿಸಿದರೆ ಅಟ್ಯಾಕ್ ತಪ್ಪುತ್ತದಾ? 2017ರಲ್ಲಿ ಉತ್ತರ ಸಿಕ್ಕಿತು. ಕ್ಯಾಂಟೋಸ್ ಅನ್ನುವ ಅಧ್ಯಯನದಲ್ಲಿ 10,000ಕ್ಕೂ ಹೆಚ್ಚು ಜನ ಇದ್ದರು. ಎಲ್ಲರಿಗೂ ಒಮ್ಮೆ ಅಟ್ಯಾಕ್ ಆಗಿತ್ತು, ಎಲ್ಲರ ಸಿಆರ್‌ಪಿ 2 ಅಥವಾ ಅದಕ್ಕಿಂತ ಜಾಸ್ತಿ. ಅಂದರೆ ನಿಮ್ಮಂಥವರೇ. ಮೂರು ತಿಂಗಳಿಗೊಮ್ಮೆ ಕೆನಕಿನುಮ್ಯಾಬ್ ಇಂಜೆಕ್ಷನ್ ಕೊಟ್ಟರು. ಅದು ಕೊಲೆಸ್ಟ್ರಾಲ್ ಮುಟ್ಟುವುದಿಲ್ಲ, ಬಾವನ್ನು ಮಾತ್ರ ಇಳಿಸುತ್ತದೆ. 150 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಅಟ್ಯಾಕ್, ಪಾರ್ಶ್ವವಾಯು, ಹೃದಯದ ಸಾವು ಸೇರಿ ಶೇ. 15 ಕಡಿಮೆಯಾದವು. ಆದರೆ ಸೋಂಕಿನಿಂದ ಸತ್ತವರು ಸ್ವಲ್ಪ ಹೆಚ್ಚಾದರು. ಔಷಧಿಯೂ ದುಬಾರಿ. ಮುಂದೆ ಮೆಥೊಟ್ರೆಕ್ಸೇಟ್ ಅನ್ನುವ ಅಗ್ಗದ ಬಾವಿನ ಮಾತ್ರೆಯನ್ನೂ ಹೃದಯಕ್ಕೆ ಕೊಟ್ಟು ನೋಡಿದರು. ಏನೂ ಪ್ರಯೋಜನ ಆಗಲಿಲ್ಲ. ಬಾವಿನ ಮದ್ದೆಲ್ಲ ಒಂದೇ ಅಲ್ಲ, ಮಾಸ್ತರೇ. ನಿಮ್ಮ ಪ್ರಶ್ನೆ ಎಡವಿದ್ದು ಇಲ್ಲೇ.

ಈಗ ಮಾತು ನಡೆಯುತ್ತಿರುವುದು ಕಾಲ್ಚಿಸಿನ್ ಬಗ್ಗೆ. ಗೌಟ್ ಅನ್ನುವ ಕೀಲುಬೇನೆಗೆ ಕೊಡುವ ಹಳೇ ಔಷಧಿ. ನಮ್ಮಲ್ಲಿ ಬೆಳೆಯುವ ಅಗ್ನಿಶಿಖೆ ಬಳ್ಳಿಯಲ್ಲೂ ಇದೇ ವಸ್ತು ಇದೆ. ಉರಿ ತಗ್ಗಿಸುವ ಮದ್ದಿಗೆ ಬೆಂಕಿಯ ಹೆಸರಿನ ಬಳ್ಳಿ! ಹಾಗಂತ ಯಾರೂ ಗಡ್ಡೆ ಅಗೆಯಲು ಹೋಗಬೇಡಿ. ಅದು ಜೀವ ತೆಗೆಯುವ ವಿಷ. ದಿನಕ್ಕೆ ಅರ್ಧ ಮಿಲಿಗ್ರಾಂ ಮಾತ್ರೆ ಕೊಟ್ಟಾಗ, ಹೊಸದಾಗಿ ಅಟ್ಯಾಕ್ ಆದವರಲ್ಲಿ ಶೇ. 23 (2019), ಹಳೇ ಹೃದ್ರೋಗಿಗಳಲ್ಲಿ ಶೇ. 31 (2020) ಅಪಾಯ ತಗ್ಗಿತು. 2023ರಲ್ಲಿ ಅಮೆರಿಕ ಇದನ್ನು ಹೃದಯಕ್ಕೂ ಒಪ್ಪಿತು. ಆದರೆ 2024ರಲ್ಲಿ 7,000 ಜನರ ಇನ್ನೊಂದು ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಅಂದರೆ ವ್ಯಾಜ್ಯ ಇನ್ನೂ ತೀರಿಲ್ಲ. ಕಿಡ್ನಿ ದುರ್ಬಲ ಇದ್ದವರಿಗೆ ಇದು ಆಗಿಬರುವುದಿಲ್ಲ. ನಿಮಗೆ ಬೇಕೋ ಬೇಡವೋ ಡಾಕ್ಟರೇ ಹೇಳಬೇಕು.

ಈಗ ಮೊಣಕಾಲಿನ ಮಾತ್ರೆ. ನೀವು ಹೆಸರು ಬರೆದಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಎಟೋರಿಕಾಕ್ಸಿಬ್ ಇವುಗಳಲ್ಲಿ ಒಂದಿರಬಹುದು. ಇವು ಕೀಲಿನ ಬಾವು ಇಳಿಸುತ್ತವೆ, ನಿಜ. ಆದರೆ ರಕ್ತನಾಳವನ್ನು ಸಡಿಲವಾಗಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಒಂದು ವಸ್ತುವನ್ನೂ ಕಡಿಮೆ ಮಾಡುತ್ತವೆ. ದೇಹದಲ್ಲಿ ಉಪ್ಪು ನೀರು ನಿಲ್ಲಿಸಿ ಬಿಪಿ ಏರಿಸುತ್ತವೆ. ಐಬುಪ್ರೊಫೆನ್ ಅಂತೂ ನಿಮ್ಮ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡ ಬರುತ್ತದೆ. ಇದೇ ಜಾತಿಯ ರೋಫೆಕಾಕ್ಸಿಬ್ ಅನ್ನುವ ಮಾತ್ರೆಯನ್ನು ಹಾರ್ಟ್ ಅಟ್ಯಾಕ್ ಜಾಸ್ತಿ ಮಾಡುತ್ತದೆ ಅಂತಲೇ 2004ರಲ್ಲಿ ಪ್ರಪಂಚದ ಮಾರುಕಟ್ಟೆಯಿಂದ ವಾಪಸ್ ಪಡೆದರು. ನಮ್ಮವ್ವನೂ ಹೀಗೇ ಚೀಟಿ ಇಲ್ಲದೆ ತರಿಸಿ ವರ್ಷಗಟ್ಟಲೆ ನುಂಗಿದಳು. ತಂದುಕೊಡುತ್ತಿದ್ದವನು ನಾನೇ. ಹಾಗಾಗಿ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ಹಚ್ಚುವ ಜೆಲ್ ಸಾಕಾಗುತ್ತದಾ, ಬೇರೆ ಮಾತ್ರೆ ಇದೆಯಾ, ಕೇಳಿ ನೋಡಿ.

ಸಿಆರ್‌ಪಿ 4 ಅಂತ ಹೆದರಬೇಡಿ. 1ರ ಒಳಗಿದ್ದರೆ ಒಳ್ಳೆಯದು, 3 ದಾಟಿದರೆ ಜಾಸ್ತಿ ಅಂತ ಲೆಕ್ಕ. ಆದರೆ ನೆಗಡಿ, ಕೀವಾದ ಹಲ್ಲು, ನಿಮ್ಮ ಮೊಣಕಾಲಿನ ಬಾವು ಕೂಡ ಅದನ್ನು ಏರಿಸುತ್ತವೆ. ಎರಡು ವಾರ ಬಿಟ್ಟು ಮತ್ತೆ ಮಾಡಿಸುವುದೇ ಪದ್ಧತಿ. ಕೊಲೆಸ್ಟ್ರಾಲ್ ಇಳಿದಿದೆ ಅಂತ ಸ್ಟ್ಯಾಟಿನ್ ಮಾತ್ರೆ ಮಾತ್ರ ಬಿಡಬೇಡಿ. ಅದು ಬಾವನ್ನೂ ಇಳಿಸುತ್ತದೆ. ಬೀಡಿ ಸಿಗರೇಟು, ಹೊಟ್ಟೆಯ ಬೊಜ್ಜು, ಕೊಪ್ಪಳದ ಸುತ್ತ ಕಾರ್ಖಾನೆಗಳು ಉಗುಳುವ ಕರಿ ಧೂಳು, ಎಲ್ಲವೂ ಬಾವಿಗೆ ಗೊಬ್ಬರ. ಧೂಳಿನ ವಿಷಯದಲ್ಲಿ ನೀವೊಬ್ಬರೇ ಏನು ಮಾಡಲಾದೀತು, ಅದು ಬೇರೆಯೇ ಜಗಳ. ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಅಟ್ಯಾಕ್ ಆದವರಿಗೆ ಅದರಿಂದ ಲಾಭ ಇದೆ ಅಂತ 2021ರ ಅಧ್ಯಯನವೊಂದು ತೋರಿಸಿದೆ.

ಮಜ್ಜಿಗೆ ಕುಡಿಯಿರಿ, ಉಪ್ಪು ಕಡಿಮೆ ಇರಲಿ. ಮಿರ್ಚಿ ವಿಷಯದಲ್ಲಿ ನಾನು ನಿಮ್ಮ ಮನೆಯವರ ಪರ. ಕಾರಣ ಮಾತ್ರ ಉಷ್ಣ ಅಲ್ಲ, ಮತ್ತೆ ಮತ್ತೆ ಕಾಯಿಸಿದ ಆ ಎಣ್ಣೆ.