ವಾಂತಿ ನಿಂತ ಮೇಲೆ ಶುರುವಾದ ಭಯ

"ವಾಂತಿ ನಿಂತುಹೋಯ್ತು ಮೇಡಂ. ಎಂತದೋ ಆಗಿದೆ ಅನ್ನಿಸ್ತಿದೆ." ಕುರ್ಚಿಯಲ್ಲಿ ಕೂರುವ ಮೊದಲೇ ಆಕೆ ಹೇಳಿದ್ದು ಇದು.

ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ. ತೀರ್ಥಹಳ್ಳಿ ಕಡೆಯ ತೋಟದ ಮನೆಯ ಸೊಸೆ. ಆಗ 15 ವಾರ ತುಂಬಿತ್ತು. ಹಿಂದಿನ ವರ್ಷ ಒಂದು ಬಸಿರು ಮೂರನೇ ತಿಂಗಳಲ್ಲಿ ಹೋಗಿತ್ತು. ಆಗಲೂ ಮೊದಲು ವಾಂತಿ ನಿಂತು, ವಾರದೊಳಗೆ ರಕ್ತ ಕಂಡಿತ್ತು. ಈ ಸಲ ವಾಂತಿ ನಿಂತ ದಿನದಿಂದ ಆಕೆಗೆ ನಿದ್ದೆಯಿಲ್ಲ. ರಾತ್ರಿ ಎದ್ದು ಟಾರ್ಚ್ ಹಿಡಿದು ಬಟ್ಟೆ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಅಡಿಕೆ ಕೊಯ್ಲು, ಸುಲಿಯುವವರ ಗಡಿಬಿಡಿ. ಯಾರಿಗೆ ಹೇಳುವುದು?

ನಾನು ಡಾಕ್ಟರಲ್ಲ, ಆಪ್ತಸಮಾಲೋಚಕಿ. ಹಾಗಾಗಿ ಮೊದಲು ತಾಯಿ ಕಾರ್ಡ್ ನೋಡಿದೆ. ನಾಲ್ಕು ದಿನದ ಹಿಂದೆ ಡಾಕ್ಟರು ಮಗುವಿನ ಎದೆಬಡಿತ ಕೇಳಿ ಬರೆದಿದ್ದರು. ಅದಾದ ಮೇಲೇ ಮಾತು ಶುರುಮಾಡಿದೆ.

ನಾಲ್ಕನೇ ತಿಂಗಳು ಒಂಥರಾ ಸದ್ದಿಲ್ಲದ ತಿಂಗಳು. ಮೂರು ತಿಂಗಳು ಕಳೆಯುವ ಹೊತ್ತಿಗೆ ಬಹಳ ಜನರಿಗೆ ಹೊಟ್ಟೆ ತೊಳೆಸುವುದು ತಾನಾಗಿಯೇ ಕಡಿಮೆಯಾಗುತ್ತದೆ. ಅತ್ತ ಮಗುವಿನ ಅಲುಗಾಟ ಇನ್ನೂ ಗೊತ್ತಾಗುವುದಿಲ್ಲ. 15 ವಾರದ ಮಗು ತಲೆಯಿಂದ ಬೆನ್ನಿನ ಬುಡದವರೆಗೆ ಸುಮಾರು 10 ಸೆಂಟಿಮೀಟರ್, ನೂರು ಗ್ರಾಂ ಆಸುಪಾಸು. ಅದು ಒಳಗೆ ಕೈಕಾಲು ಆಡಿಸುತ್ತಲೇ ಇರುತ್ತದೆ. ಆದರೆ ಅಷ್ಟು ಪುಟ್ಟ ಕಾಲಿನ ಒದೆತ ತಾಯಿಗೆ ತಿಳಿಯುವುದು 16ರಿಂದ 24 ವಾರದೊಳಗೆ. ಚೊಚ್ಚಲಲ್ಲಿ 20 ದಾಟಿದರೂ ಗಾಬರಿಯಿಲ್ಲ. ಇದನ್ನು ಹೇಳುವಾಗ ಆಕೆ ತನ್ನ ಅಂಗೈ ಬಿಡಿಸಿ ನೋಡಿಕೊಂಡಳು. "ಇಷ್ಟೇನಾ?" ಅಂದಳು.

ಆದರೆ ಮಾಹಿತಿ ಕೊಟ್ಟ ಮಾತ್ರಕ್ಕೆ ಭಯ ಹೋಗುವುದಿಲ್ಲ. ಕಳೆದುಕೊಂಡ ಮಗುವಿನ ಬಗ್ಗೆ ಆ ಮನೆಯಲ್ಲಿ ಯಾರೂ ಮಾತೇ ಎತ್ತಿರಲಿಲ್ಲ. 'ಆದದ್ದು ಆಯ್ತು, ಸುಮ್ನೆ ಯೋಚನೆ ಮಾಡ್ಬೇಡ' ಅಂದುಬಿಟ್ಟಿದ್ದರು. ಪ್ರೀತಿಯಿಂದಲೇ ಹೇಳಿದ್ದರು, ನಿಜ. ಆದರೂ ಆ ಮಾತು ಬಾಯಿ ಮುಚ್ಚಿಸುತ್ತದೆ. ಆ ದಿನ ಆಕೆ ಅರ್ಧ ಗಂಟೆ ಅತ್ತಳು, ನಾನು ತಡೆಯಲಿಲ್ಲ.

ಗಂಡನನ್ನು ಒಳಗೆ ಕರೆದು ಹೇಳಿದೆ: "ಸಂಜೆ ಹತ್ತು ನಿಮಿಷ ಜೊತೆಗೆ ಕೂತು ಇವರ ಭಯ ಕೇಳಿಸಿಕೊಳ್ಳಿ. ಧೈರ್ಯ ಹೇಳಬೇಕಂತಿಲ್ಲ." ಆತ ಆನ್‌ಲೈನಿನಲ್ಲಿ ಎದೆಬಡಿತ ಕೇಳುವ ಯಂತ್ರ ತರಿಸಲು ಹೊರಟಿದ್ದ. ಬೇಡ ಅಂದೆ. ಗೊತ್ತಿಲ್ಲದವರ ಕೈಯಲ್ಲಿ ಅದು ತಾಯಿಯದೇ ನಾಡಿ ಕೇಳಿಸಿ ಸುಳ್ಳು ನೆಮ್ಮದಿ ಕೊಡಬಹುದು, ಏನೂ ಕೇಳಿಸದೆ ದಿಗಿಲನ್ನೂ ಹುಟ್ಟಿಸಬಹುದು. ಬದಲಿಗೆ 18ರಿಂದ 20 ವಾರದ ಸ್ಕ್ಯಾನಿಗೆ ಜೊತೆಗೆ ಹೋಗಿ ಅಂದೆ.

ಇನ್ನೊಂದು ವಿಷಯ ಹೊರಬಿತ್ತು. ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆಂದು ಯಾರೋ ಹೇಳಿ, ನಿಲ್ಲಿಸಿಬಿಟ್ಟಿದ್ದಳು. ಮಲ ಕಪ್ಪಾಗುತ್ತದೆ, ಮಗುವಲ್ಲ. ಎರಡನೇ ತ್ರೈಮಾಸಿಕದಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ನುಂಗಬೇಕಾದ ಮಾತ್ರೆ ಅದು. ಕಾಫಿ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ. ನಿಂಬೆ ಪಾನಕ ಒಳ್ಳೆಯದು. ಮಲಬದ್ಧತೆಯಾದರೆ ಡಾಕ್ಟರಿಗೆ ಹೇಳಿ, ನೀವೇ ಬಿಡಬೇಡಿ ಎಂದೆ. ಅಡಿಕೆ ಸುಲಿಯಲು ತಾಸುಗಟ್ಟಲೆ ಬಗ್ಗಿ ಕೂರುವುದೂ ಬೇಡ, ನಡುನಡುವೆ ಎದ್ದು ಓಡಾಡಲಿ.

ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ರಕ್ತ ಅಥವಾ ನೀರು ಹೋದರೆ, ತಡೆಯಲಾಗದ ಹೊಟ್ಟೆನೋವು ಬಂದರೆ, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಕಾಡಂಚಿನ ಮನೆ, ಮಂಗನ ಕಾಯಿಲೆಯ ಸೀಮೆ. ಜ್ವರವನ್ನು ಹಗುರವಾಗಿ ನೋಡಬಾರದು. ರಾತ್ರಿ ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ ಮನೆಯವರನ್ನು ಎಬ್ಬಿಸಿ ಅಂದೆ.

ಐದು ವಾರದ ಮೇಲೆ ಇಬ್ಬರೂ ಬಂದರು. ಸ್ಕ್ಯಾನ್ ಚೆನ್ನಾಗಿತ್ತು. ಮಾಸು ಮುಂಭಾಗದಲ್ಲಿದೆ, ಒದೆತ ತಡವಾಗಿ ತಿಳಿಯಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಅತ್ತೆಯೂ ಒಂದು ರಾತ್ರಿ ಒಲೆ ಮುಂದೆ ಕೂತು, ತಮಗೂ ಒಂದು ಬಸಿರು ನಿಂತಿರಲಿಲ್ಲ ಎಂದು ಮೊದಲ ಸಲ ಹೇಳಿದರಂತೆ. ಭಯ ಪೂರ್ತಿ ಹೋಗಿಲ್ಲ. ಟಾರ್ಚ್ ಹಿಡಿಯುವುದು ವಾರಕ್ಕೊಮ್ಮೆಗೆ ಇಳಿದಿದೆ. ಎರಡು ವಾರ ಬಿಟ್ಟು ಮತ್ತೆ ಬರುತ್ತಾಳೆ.